ಕರಿದ ಮೀನು ಮಿಕ್ಕರೆ ಮಾಡತಕ್ಕದ್ದೇನು?

ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲೂಕುಗಳು ಜೋಳ, ಕಡಲೆ, ಕುಸುಬಿ, ಹತ್ತಿಗಳಿಗೆ ಹೆಸರಾದವೇ ಹೊರತು ಮೀನಿಗೆ ಹೆಸರಾದವಲ್ಲ. ಆದರೂ ಮಲಪ್ರಭಾ ಹೊಳೆಯ ದಂಡೆಯ ಕೊಣ್ಣೂರು, ಹೊಳೆಆಲೂರುಗಳ ಕಡೆಗೆ ಹೊಳೆಯ ಮೀನು ಹಿಂದಿನಿಂದಲೂ ದೊರೆಯುತ್ತ ಬಂದಿದೆ. 2014ರಲ್ಲಿ ಕೃಷಿಭಾಗ್ಯ ಯೋಜನೆಯು ಆರಂಭವಾದಂದಿನಿಂದ ಎರೆಹೊಲಗಳಲ್ಲಿ ಕೃಷಿಹೊಂಡಗಳು ಹೆಚ್ಚಿದ್ದು, ಅವುಗಳಲ್ಲಿ ಕಟ್ಲ, ರೋಹು ಜಾತಿಯ ಮರಿಗಳನ್ನು ಬಿಡುವ ಒಕ್ಕಲಿಗರೂ ಉಂಟು. ಕರಾವಳಿಯ ಬಂಗಡೆ, ತಾರ್ಲೆ ಮೀನುಗಳೂ ಬರ್ಫದಲ್ಲಿ ಪೇಟೆಗಳಿಗೆ ಬರುತ್ತವೆ.

ಮೀನು ತಿನ್ನದ ಮನೆತನದ ಭೂಮಾಲಿಕರಿಗೂ ಈ ವಿಷಯವು ಸಂಬಂಧಿಸಿದ್ದೇ ಆಗಿದೆ. ಅವರ ಹೊಲದಲ್ಲಿ ದುಡಿಯುವ ಆಳುಗಳ ಮನೆಗಳಲ್ಲಿ ಮೀನು ಬೇಯುತ್ತದೆ. ಕೆರೆಹೊಂಡಗಳ ನೀರು ಇಳಿದಾಗ ಮೀನು ಒಮ್ಮೆಲೇ ರಾಶಿಯಾಗಿ ಸಿಕ್ಕುವದು. ಆ ಕಾಲವು ಸಾಮಾನ್ಯವಾಗಿ ಬೇಸಿಗೆಯೇ. ಆ ರಾತ್ರಿ ಹೆಚ್ಚಾಗಿ ಕರಿದು, ಮಿಕ್ಕದ್ದನ್ನು ಮುಂಜಾನೆ ಕಾಯಿಸಿ ಬುತ್ತಿ ಕಟ್ಟುವ ವಾಡಿಕೆ ಅನೇಕ ಕಡೆಗೆ ಇದೆ. ವಾಂತಿಭೇದಿಗಳಿಂದ ಮನೆಯವರೂ ಆಳುಗಳೂ ನರಳಿದರೆ ಸುಗ್ಗಿಯ ಕೆಲಸವು ನಿಲ್ಲುವದಷ್ಟೇ ಅಲ್ಲ, ಮಕ್ಕಳ ಹಾಗೂ ಮುದುಕರ ಜೀವಕ್ಕೇ ಅಪಾಯವುಂಟು.

ಕೆಡುವ ಬಗೆ

ಮರಳಿ ಕಾಯಿಸಿದರೆ ಕೆಟ್ಟದ್ದೆಲ್ಲ ಸರಿಹೋಗುವದೆಂಬ ತಿಳುವಳಿಕೆಯು ತಪ್ಪಾದದ್ದು. ಅಡಿಗೆಯ ಪದಾರ್ಥಗಳಲ್ಲಿ ಸೂಕ್ಷ್ಮಜಂತುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ ಬೆಳೆಯುತ್ತವೆ. ಅನುಕೂಲವಾದ ಬಿಸಿಯಲ್ಲಿ ಅವು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಈ ಲೆಕ್ಕದಂತೆ ಒಂದು ಜಂತುವು ನಾಲ್ಕು ತಾಸಿನಲ್ಲಿ 4,000ಕ್ಕೂ ಮಿಕ್ಕಿ ಆಗುವದು. ರಾತ್ರಿ ಎಂಟಕ್ಕೆ ಕರಿದ ಮೀನು ಮುಂಜಾನೆ ಆರರವರೆಗೆ ಮುಚ್ಚಿದ ಪಾತ್ರೆಯಲ್ಲಿ ಇದ್ದರೆ ಹತ್ತು ತಾಸು ಆಯಿತು. ಪಾತ್ರೆಯನ್ನು ನೆಲುವಿಗೆ ತೂಗಿಟ್ಟರೆ ಬೆಕ್ಕು ಇರುವೆಗಳು ಮುಟ್ಟಲಾರವು; ಆದರೆ ಜಂತುಗಳ ಬೆಳವಣಿಗೆಯು ಅದರಿಂದ ನಿಲ್ಲದು.

ಚೆನ್ನಾಗಿ ಕಾಯಿಸಿದಾಗ ಜಂತುಗಳು ಸಾಯುತ್ತವೆ ನಿಜ. ಆದರೆ ಅವುಗಳಲ್ಲಿ ಕೆಲವು ಬೆಳೆಯುವಾಗ ಹೊರಬಿಡುವ ವಿಷವು ಸಾಯುವ ವಸ್ತುವಲ್ಲ. ಮನುಷ್ಯರ ಮೂಗಿನಲ್ಲಿಯೂ ಕೈಯ ಗಾಯ, ಕುರುಗಳಲ್ಲಿಯೂ ಇರುವ ಸ್ಟ್ಯಾಫಿಲೊಕಾಕಸ್ ಎಂಬ ಜಂತುವಿನ ವಿಷವು ಕುದಿಸಿದರೂ ಉಳಿಯುತ್ತದೆ. ಅಂಥ ಆಹಾರವನ್ನು ತಿಂದ ಅರ್ಧ ತಾಸಿನಿಂದ ಎಂಟು ತಾಸಿನೊಳಗೆ ವಾಂತಿ ಹಿಡಿಯುವದು.

ಬಂಗಡೆ, ತಾರ್ಲೆ ಮೊದಲಾದ ಸಮುದ್ರದ ಮೀನುಗಳಲ್ಲಿ ಇನ್ನೊಂದು ಭಯವಿದೆ. ಇವು ಬೆಚ್ಚಗಿನ ಸ್ಥಳದಲ್ಲಿ ಉಳಿದರೆ ಜಂತುಗಳ ಕಾರ್ಯದಿಂದ ಮಾಂಸದಲ್ಲಿ ಹಿಸ್ಟಮಿನ್ ಎಂಬ ಪದಾರ್ಥವು ಕೂಡುತ್ತದೆ. ಕರಿಯುವದರಿಂದಾಗಲಿ, ಬರ್ಫದಲ್ಲಿ ಇಡುವದರಿಂದಾಗಲಿ ಅದು ಹೋಗದು. ತಿಂದ ಸ್ವಲ್ಪ ಹೊತ್ತಿನಲ್ಲಿಯೇ ಮುಖ ಕೆಂಪೇರಿ, ಮೈ ತುರಿಸಿ, ತಲೆನೋವು, ಎದೆಬಡಿತಗಳು ತೋರುವವು. ವಾಸನೆಯಿಂದ ಇದನ್ನು ಕಂಡುಹಿಡಿಯಲು ಬಾರದು.

ಆದಕಾರಣ ಮಿಕ್ಕ ಮೀನು ತಿನ್ನಲು ಯೋಗ್ಯವೋ ಅಲ್ಲವೋ ಎಂಬದು ಮುಂಜಾನೆಯ ಒಲೆಯ ಮೇಲೆ ನಿರ್ಣಯವಾಗುವ ಮಾತಲ್ಲ. ಹಿಂದಿನ ರಾತ್ರಿಯೇ ನಿರ್ಣಯವಾಗುವದು.

ರಾತ್ರಿ ಮಾಡತಕ್ಕ ವ್ಯವಸ್ಥೆ

ಊಟಕ್ಕೆ ಬೇಕಾದಷ್ಟನ್ನೇ ಕರಿಯುವದು ಎಲ್ಲಕ್ಕೂ ಉತ್ತಮವು. ಮಿಕ್ಕಲ್ಲಿ, ಕರಿದ ಎರಡು ತಾಸಿನೊಳಗಾಗಿ, ಬೇಸಿಗೆಯ ಸೆಕೆಯಲ್ಲಿ ಒಂದೇ ತಾಸಿನೊಳಗಾಗಿ, ಅದನ್ನು ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಇಡತಕ್ಕದ್ದು. ಬಿಸಿಯಿರುವಾಗಲೇ ಮುಚ್ಚಬಾರದು, ಉಗಿಯು ನೀರಾಗಿ ಮೇಲಿನ ಹಿಟ್ಟನ್ನು ಮೆತ್ತಗೆ ಮಾಡುವದು. ತುಂಡುಗಳನ್ನು ಜರಡಿಯ ಮೇಲೆ ಬಿಡಿಬಿಡಿಯಾಗಿ ಹರವಿ, ಆರಿದ ಕೂಡಲೇ ಅಗಲವಾದ ಡಬ್ಬಿಯಲ್ಲಿ ಒಂದೇ ಪದರಾಗಿ ಇಡಬೇಕು. ಹಸಿ ಮೀನಿನ ಪಾತ್ರೆಯನ್ನು ಅದಕ್ಕೆ ತಗಲಿಸಬಾರದು. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ಜು ಸುಮಾರು ನಾಲ್ಕು ತಾಸು ತಂಪಾಗಿರುವದು. ಅದಕ್ಕೂ ಹೆಚ್ಚು ಹೊತ್ತು ಹೋದರೆ ಮೀನನ್ನು ತಿನ್ನಬಾರದು. ಫ್ರಿಜ್ಜು ಇಲ್ಲದ ಮನೆಯಲ್ಲಿ ಕರಿದ ಮೀನನ್ನು ಮರುದಿನಕ್ಕೆ ಇಡಲೇಬಾರದು.

ಮರಳಿ ಕಾಯಿಸುವ ರೀತಿ

ಸರಿಯಾಗಿ ತಂಪಿನಲ್ಲಿಟ್ಟ ಮೀನನ್ನು ಮರುದಿನವೇ ತಿಂದು ಮುಗಿಸುವದು ಲೇಸು. ಅದನ್ನು ಪುನಃ ಎಣ್ಣೆಯಲ್ಲಿ ಕರಿಯಬಾರದು. ಹೊರಗಿನ ಹಿಟ್ಟು ಇನ್ನಷ್ಟು ಎಣ್ಣೆಯನ್ನು ಹೀರಿ ಕರಕಾಗುವದು, ಒಳಗಿನ ಮಾಂಸವು ಒಣಗಿ ನಾರಾಗುವದು. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚೇ ಈ ಕೆಲಸಕ್ಕೆ ತಕ್ಕ ಸಾಧನವು. ಹಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಎಣ್ಣೆ ಹಾಕದೆ, ತುಂಡುಗಳನ್ನು ಒಂದಕ್ಕೊಂದು ತಗಲದಂತೆ ಇಡಬೇಕು. ಪ್ರತಿ ಮಗ್ಗುಲನ್ನು ಮೂರು ನಾಲ್ಕು ನಿಮಿಷ ಕಾಯಿಸಬೇಕು. ಮೇಲೆ ಮುಚ್ಚಳ ಹಾಕಬಾರದು. ಮಾಂಸದೊಳಗಿನ ನೀರು ಇಡೀ ರಾತ್ರಿ ಹಿಟ್ಟಿನೊಳಗೆ ಇಳಿದಿರುವದರಿಂದ, ಆ ನೀರು ಹೊರಗೆ ಹೋಗಲು ದಾರಿ ಇದ್ದರೆ ಮಾತ್ರ ಮೇಲ್ಭಾಗವು ಮರಳಿ ಗರಿಗರಿಯಾಗುವದು.

ದಪ್ಪ ತುಂಡುಗಳನ್ನು ಮುಳ್ಳಿನ ಸಮೀಪದಲ್ಲಿ ಎರಡಾಗಿ ಬಿಡಿಸಿ ಕಾಯಿಸಬೇಕು. ನಡುಭಾಗದ ಉಷ್ಣತೆಯು 74 ಡಿಗ್ರಿ ಮುಟ್ಟಬೇಕು. ಮಾಪಕವಿಲ್ಲದ ಮನೆಯಲ್ಲಿ ತುಂಡನ್ನು ಮುರಿದು, ನಡುವಿನಿಂದ ಉಗಿ ಏಳುವದನ್ನು ನೋಡಿಕೊಳ್ಳತಕ್ಕದ್ದು. ಮೈಕ್ರೋವೇವಿನಲ್ಲಿ ಮೀನು ಬೇಗ ಬಿಸಿಯಾದರೂ ಹಿಟ್ಟು ಮೆತ್ತಗಾಗುವದು, ಒಂದು ಕಡೆ ಸುಡುವಾಗ ಇನ್ನೊಂದು ಕಡೆ ತಣ್ಣಗೆ ಉಳಿಯುವದು. ಗರಿಗರಿಯ ಆಶೆ ಇಲ್ಲದವರು ಉಳ್ಳಾಗಡ್ಡಿ, ಹುಣಸೆಹಣ್ಣುಗಳ ಸಾರನ್ನು ಕುದಿಸಿ, ಅದರಲ್ಲಿ ತುಂಡುಗಳನ್ನು ಹಾಕಿ ಮತ್ತೆ ಚೆನ್ನಾಗಿ ಕುದಿಸಿಕೊಳ್ಳಬಹುದು. ಹೇಗೆ ಕಾಯಿಸಿದರೂ ಒಂದೇ ಸಲ ಕಾಯಿಸಬೇಕು. ಮತ್ತೆ ಮಿಕ್ಕರೆ ಚೆಲ್ಲಬೇಕು.

ಮುಂಜಾನೆ ಕಾಯಿಸಿದ ಮೀನನ್ನು ಬುತ್ತಿಯಲ್ಲಿ ಕಟ್ಟಿ ಮಧ್ಯಾಹ್ನ ಹೊಲದಲ್ಲಿ ತಿನ್ನುವದು ಸಲ್ಲದು. ಮುಚ್ಚಿದ ಡಬ್ಬಿಯಲ್ಲಿ ಆರೇಳು ತಾಸು ಬಿಸಿಲಿನ ಕಾವಿನಲ್ಲಿರುವ ಮೀನು ರಾತ್ರಿಯಿಡೀ ಹೊರಗಿದ್ದ ಮೀನಿನಂತೆಯೇ ಕೆಡುವದು. ಹೊಲದ ಬುತ್ತಿಗೆ ಕಟಕರೊಟ್ಟಿ, ಸೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಗಳೇ ತಕ್ಕವು. ಮೀನು ಮನೆಯ ಊಟಕ್ಕೆ ಇರಲಿ.

ಕರಿದ ಎಣ್ಣೆಯ ವಿಚಾರ

ಮಿಕ್ಕ ಮೀನಿನೊಡನೆ ಮಿಕ್ಕ ಎಣ್ಣೆಯ ಪ್ರಶ್ನೆಯೂ ಬರುವದು. ಈ ಸೀಮೆಯ ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಎಂಬ ಕೊಬ್ಬಿನ ಆಮ್ಲವು ಸಾಮಾನ್ಯವಾಗಿ ಶೇಕಡಾ 70ಕ್ಕೂ ಮಿಕ್ಕಿ ಇದೆ. ಇದು ಗಾಳಿ ಹಾಗೂ ಕಾವಿನಿಂದ ಬೇಗ ಮಾರ್ಪಡುವ ಗುಣವುಳ್ಳದ್ದು; ಆ ಗುಣದಿಂದಲೇ ಕುಸುಬಿ ಎಣ್ಣೆಯು ಬಣ್ಣ, ವಾರ್ನಿಷುಗಳಿಗೂ ಉಪಯೋಗವಾಗುತ್ತದೆ. ಹೀಗಿರುವದರಿಂದ ಅದನ್ನು ಪದೇ ಪದೇ ಕಾಯಿಸಿ ಕರಿಯುವದು ತರವಲ್ಲ. ಸೇಂಗಾ ಎಣ್ಣೆಯು ಈ ಕೆಲಸದಲ್ಲಿ ಹೆಚ್ಚು ತಾಳುವದು. ಆದರೆ ಅದೂ ಕಪ್ಪಾಗಿ, ಅಂಟಾಗಿ, ಬೇಗ ಹೊಗೆಯಾಡತೊಡಗಿದರೆ ಬಿಡಬೇಕು. ಆಹಾರ ಮಾರುವವರು ಕೆಟ್ಟ ಎಣ್ಣೆಯನ್ನು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈ 1ರಿಂದ ನಿಯಮವನ್ನು ಜಾರಿಗೆ ತಂದಿದೆ. ಜಾತ್ರೆಗಳಲ್ಲಿ ಅಂಗಡಿ ಹಾಕುವವರಿಗೆ ಊರ ಹಿರಿಯರು ಇದನ್ನು ತಿಳಿಸಿಕೊಡಬೇಕು.

ಊರ ಮುಖಂಡರ ಕರ್ತವ್ಯ

ಕೆರೆ ಅಥವಾ ಹೊಂಡದ ಮೀನು ಹಿಡಿಸುವವರು ನಸುಕಿನಲ್ಲಿಯೇ ಕೆಲಸವನ್ನು ಆರಂಭಿಸಿ, ಬರ್ಫವನ್ನು ಮೊದಲೇ ತರಿಸಿಟ್ಟುಕೊಂಡು, ಒಂದೇ ದಿನ ಎಲ್ಲವನ್ನೂ ಹಿಡಿಯದೆ ಕೆಲವು ದಿನಗಳಿಗೆ ಹಂಚಿಕೊಳ್ಳುವದು ಹಿತಕರ. ಆಳುಗಳಿಗೆ ಮೀನು ಕೊಡುವದಾದರೆ ಹಸಿ ಮೀನನ್ನೇ ಬೆಳಿಗ್ಗೆ ಕೊಡಲಿ. ಹಿಂದಿನ ದಿನ ಕರಿದು ಮಿಕ್ಕದ್ದನ್ನು ಕೊಡಬಾರದು. ಒಂದೇ ಊಟದ ತರುವಾಯ ಇಬ್ಬರು ಮೂವರಿಗೆ ವಾಂತಿಭೇದಿ ತೋರಿದರೆ ಉಳಿದ ಆಹಾರವನ್ನು ಯಾರೂ ಮುಟ್ಟದಂತೆ ಮಾಡಿ, ರೋಗಿಗಳಿಗೆ ಓಆರ್‌ಎಸ್ ನೀರನ್ನು ಕುಡಿಸುತ್ತ, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು.