ಅಂಡಾಶಯದ ನೀರುಗುಳ್ಳೆ: ಶಸ್ತ್ರಚಿಕಿತ್ಸೆ ಯಾವಾಗ ಬೇಕು?

ಸ್ಕ್ಯಾನಿಂಗ್ ವರದಿಯಲ್ಲಿ 'ಸಿಸ್ಟ್' ಎಂಬ ಮಾತು ಕಂಡೊಡನೆ ಮನೆಮಂದಿಯೆಲ್ಲ ಕಂಗೆಡುವುದನ್ನು ನಾವು ಬಲ್ಲೆವು. ಮದುವೆಯಾಗದ ಮಗಳಾದರೆ ಸುದ್ದಿಯನ್ನೇ ಮುಚ್ಚಿಡುವವರುಂಟು, ಅದು ಸಲ್ಲದು. ಮುಟ್ಟಾಗುವ ವಯಸ್ಸಿನಲ್ಲಿ ಅಂಡವು ಬಲಿಯುವುದೇ ನೀರು ತುಂಬಿದ ಕಿರುಚೀಲದಲ್ಲಿ. ಅದು ಒಡೆಯದೆ ಹಿಗ್ಗಿದರೆ ಸಿಸ್ಟ್ ಎನಿಸುತ್ತದೆ. ಬಹುಪಾಲು ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ. ಬರಿಯ ನೀರಿರುವ, 5 ಸೆಂಟಿಮೀಟರಿಗಿಂತ ಕಿರಿದಾದ, ನೋವಿಲ್ಲದ ಗುಳ್ಳೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಡ. 7 ಸೆಂಟಿಮೀಟರು ಮೀರಿದರೆ, ಒಳಗೆ ಗಟ್ಟಿ ಭಾಗವಿದ್ದರೆ, ಬೆಳೆಯುತ್ತಲೇ ಹೋದರೆ ವಿಚಾರ ಬೇರೆ. ಮುಟ್ಟು ನಿಂತ ಬಳಿಕ ಕಂಡದ್ದನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸಬೇಕು. ಸಿ.ಎ. 125 ರಕ್ತಪರೀಕ್ಷೆಯ ಅಂಕಿಯೊಂದನ್ನೇ ನೋಡಿ ಎಳೆಯರಲ್ಲಿ ಕ್ಯಾನ್ಸರ್ ಎಂದು ಭಾವಿಸಲಾಗದು. ಮುಟ್ಟಿನ ದಿನಗಳಲ್ಲಿಯೂ ಅದು ಏರುವುದುಂಟು.

ಆದರೆ ಕಿಬ್ಬೊಟ್ಟೆಯಲ್ಲಿ ಹಠಾತ್ತನೆ ತೀವ್ರ ನೋವು, ವಾಂತಿ ಬಂದರೆ ಕಷಾಯ ಕಾಸುತ್ತ ಕೂರಬಾರದು. ಅಂಡಾಶಯ ತಿರುಚಿಕೊಂಡು ಅದರ ರಕ್ತಸಂಚಾರ ನಿಂತಿರಬಹುದು; ಕೆಲವೇ ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಉಳಿದೀತು.

ಉಳಿದ ಸಂದರ್ಭಗಳಲ್ಲಿ ಅವಸರವಿಲ್ಲ. ವೈದ್ಯರನ್ನು ಕೇಳಬೇಕಾದುದು ಇದು: ಗುಳ್ಳೆಯನ್ನಷ್ಟೇ ತೆಗೆಯುವಿರೋ, ಅಂಡಾಶಯವನ್ನೂ ತೆಗೆಯುವಿರೋ? ಸಂತಾನಾಪೇಕ್ಷೆಯುಳ್ಳ ಹೆಣ್ಣುಮಗಳಿಗೆ ಇದರ ಉತ್ತರ ಸಹಿ ಹಾಕುವ ಮುನ್ನವೇ ತಿಳಿಯಬೇಕು; ಹಿರಿಯರ ಕಿವಿಗಷ್ಟೇ ಅಲ್ಲ, ಆಕೆಯ ಎದುರಿನಲ್ಲಿಯೇ.