ಕಾಮಗಾರಿಗಳ ಚಟುವಟಿಕೆ ಪಟ್ಟಿ: ಫಿಲ್ಟರ್ ಬಳಸಿ ಪರಿಶೀಲಿಸುವ ಕ್ರಮ

ಗ್ರಾಮ ಪಂಚಾಯತಿ ಸಭೆಯ ಮುಂದೆ ಮಂಡನೆಯಾಗುವ ಪ್ರಗತಿ ವರದಿಯಲ್ಲಿ ಸಾಮಾನ್ಯವಾಗಿ ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಈವರೆಗಿನ ವೆಚ್ಚ ಹಾಗೂ ‘ಪ್ರಗತಿಯಲ್ಲಿದೆ’ ಎಂಬ ಷರಾ ಇರುತ್ತವೆ. ಕಾಮಗಾರಿ ಯಾವ ಹಂತದಲ್ಲಿ ನಿಂತಿದೆ, ಮುಂದಿನ ಹೆಜ್ಜೆ ಯಾರದು ಎಂಬುದು ಈ ಷರಾದಿಂದ ತಿಳಿಯುವುದಿಲ್ಲ. ಇದನ್ನು ತಿಳಿಯಲು ಪ್ರತಿ ಕಾಮಗಾರಿಯನ್ನು ಸಣ್ಣ ಚಟುವಟಿಕೆಗಳಾಗಿ ವಿಂಗಡಿಸಿ, ದಿನಾಂಕ ಸಹಿತ ಪಟ್ಟಿ ಮಾಡಿ, ಬೇಕಾದ ಸಾಲುಗಳನ್ನು ಮಾತ್ರ ಆರಿಸಿ ನೋಡಬೇಕು. ಹೀಗೆ ಆರಿಸುವ ತಂತ್ರಾಂಶ ಸೌಲಭ್ಯವೇ ಫಿಲ್ಟರ್.

ಬೃಹತ್ ನಿರ್ಮಾಣ ಯೋಜನೆಗಳಲ್ಲಿ ಇದಕ್ಕಾಗಿ ಪ್ರೈಮಾವೆರಾ, ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಮುಂತಾದ ತಂತ್ರಾಂಶಗಳು ಬಳಕೆಯಲ್ಲಿವೆ. ಗ್ರಾಮ ಪಂಚಾಯತಿಯ ಅಗತ್ಯಕ್ಕೆ ಎಕ್ಸೆಲ್ ಸಾಕು. ಅದು ಇಲ್ಲದಿದ್ದಲ್ಲಿ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್ ಬಳಸಬಹುದು. ಎರಡರಲ್ಲೂ ‘ಡೇಟಾ’ ವಿಭಾಗದಲ್ಲಿ ಫಿಲ್ಟರ್ ದೊರೆಯುತ್ತದೆ.

ಪಟ್ಟಿಯಲ್ಲಿ ಇರಬೇಕಾದ ಅಂಕಣಗಳು

ಕ್ರಮಸಂಖ್ಯೆ, ಕಾಮಗಾರಿ, ವಾರ್ಡ್, ಚಟುವಟಿಕೆ, ಅದಕ್ಕೆ ಮೊದಲು ಮುಗಿಯಬೇಕಾದ ಚಟುವಟಿಕೆ, ನಿಗದಿತ ಆರಂಭ, ನಿಗದಿತ ಮುಕ್ತಾಯ, ನೈಜ ಆರಂಭ, ನೈಜ ಮುಕ್ತಾಯ ಹಾಗೂ ಹೊಣೆಗಾರರು. ಒಂದು ಸಾಲಿಗೆ ಒಂದೇ ಚಟುವಟಿಕೆ ಇರಬೇಕು.

ಅಂಗನವಾಡಿ ಕಟ್ಟಡವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಾರ್ಯಾದೇಶ, ಪಾಯ ಅಗೆತ, ತಳಪಾಯ, ಗೋಡೆ, ಸೆಂಟ್ರಿಂಗ್, ಛಾವಣಿ ಕಾಂಕ್ರೀಟ್, ಕ್ಯೂರಿಂಗ್, ಗಾರೆ, ನೆಲಹಾಸು, ಶೌಚಾಲಯ, ನೀರಿನ ಸಂಪರ್ಕ, ವಿದ್ಯುತ್ ಸಂಪರ್ಕ, ಬಣ್ಣ ಮುಂತಾಗಿ ಸುಮಾರು 20 ಚಟುವಟಿಕೆಗಳಾಗುತ್ತವೆ. ಇಂತಹ 12 ಕಾಮಗಾರಿಗಳಿದ್ದರೆ 240 ಸಾಲುಗಳು. ಸಭೆಯಲ್ಲಿ ಅಷ್ಟನ್ನೂ ಓದುವುದು ಅಸಾಧ್ಯ. ಓದುವ ಅಗತ್ಯವೂ ಇಲ್ಲ.

ಪಟ್ಟಿಗೆ ಕೇಳಬೇಕಾದ ಮೂರು ಪ್ರಶ್ನೆಗಳು

1. ಅವಧಿ ಮೀರಿದವು ಯಾವುವು? ನಿಗದಿತ ಮುಕ್ತಾಯ ಇಂದಿಗಿಂತ ಹಿಂದಿನದಾಗಿದ್ದು, ನೈಜ ಮುಕ್ತಾಯದ ಅಂಕಣ ಖಾಲಿ ಇರುವ ಸಾಲುಗಳನ್ನು ಆರಿಸಬೇಕು.

2. ಮುಂದಿನ 15 ದಿನಗಳಲ್ಲಿ ಆರಂಭವಾಗಬೇಕಾದವು ಯಾವುವು? ಇದರಿಂದ ಸಾಮಗ್ರಿ, ಕೂಲಿಕಾರರು, ಅಳತೆ ದಾಖಲೆ ಇವುಗಳಿಗೆ ಮುಂಚಿತವಾಗಿ ವ್ಯವಸ್ಥೆ ಮಾಡಿಕೊಳ್ಳಬಹುದು.

3. ತಡೆಯಿಲ್ಲದಿದ್ದರೂ ಆರಂಭವಾಗದವು ಯಾವುವು? ನಿಗದಿತ ಆರಂಭದ ದಿನ ಕಳೆದು, ಮೊದಲು ಮುಗಿಯಬೇಕಾದ ಚಟುವಟಿಕೆಯೂ ಮುಗಿದು, ಇನ್ನೂ ಕೈಗೆತ್ತಿಕೊಳ್ಳದ ಸಾಲುಗಳಿವು.

ಮೂರನೆಯ ಪ್ರಶ್ನೆಯೇ ಅತಿ ಮುಖ್ಯವಾದುದು. ಛಾವಣಿಯ ಒಳಭಾಗದ ಗಾರೆ ಆರಂಭವಾಗಿಲ್ಲ ಎಂದ ಮಾತ್ರಕ್ಕೆ ಗುತ್ತಿಗೆದಾರರನ್ನು ದೂಷಿಸುವಂತಿಲ್ಲ. ಐಎಸ್ 456 ಸಂಹಿತೆಯಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ಕ್ಯೂರಿಂಗ್ ಆಗಬೇಕು. 4.5 ಮೀಟರಿಗಿಂತ ಹೆಚ್ಚು ಅಗಲದ ಛಾವಣಿಯ ಆಧಾರ ಕಂಬಗಳನ್ನು ಸಾಮಾನ್ಯವಾಗಿ 14 ದಿನಕ್ಕೆ ಮೊದಲು ತೆಗೆಯುವಂತಿಲ್ಲ. ಇದು ಕಾಯಲೇಬೇಕಾದ ಕಾಲ. ಆತುರಪಡಿಸಿದರೆ ಛಾವಣಿಯ ಬಲಕ್ಕೇ ಕುಂದು.

ವಿದ್ಯುತ್ ಸಂಪರ್ಕದ ಅರ್ಜಿಯ ವಿಷಯ ಹಾಗಲ್ಲ. ಅದಕ್ಕೆ ಬೇಕಾದ ದಾಖಲೆಗಳನ್ನು ಗೋಡೆ ಏಳುತ್ತಿರುವಾಗಲೇ ಸಿದ್ಧಪಡಿಸಬಹುದು. ಆದರೆ ವಿದ್ಯುತ್ ಕೆಲಸ ಪಟ್ಟಿಯ ಕೊನೆಯಲ್ಲಿರುವುದರಿಂದ ಮೇಲಿನಿಂದ ಓದುತ್ತಾ ಬರುವವರ ಗಮನಕ್ಕೆ ಅದು ಬರುವುದೇ ಇಲ್ಲ. ಅರ್ಜಿಯನ್ನು ಪ್ರತ್ಯೇಕ ಸಾಲಾಗಿ, ಅದರದೇ ದಿನಾಂಕದೊಡನೆ ನಮೂದಿಸಿದ್ದರೆ ಫಿಲ್ಟರ್ ಅದನ್ನು ಮೊದಲೇ ಎತ್ತಿ ತೋರಿಸುತ್ತದೆ. ಇಲ್ಲವಾದರೆ ಬಣ್ಣ ಬಳಿದ ಕಟ್ಟಡಕ್ಕೆ ಬೀಗ ಹಾಕಿ, ಮಕ್ಕಳನ್ನು ಬಾಡಿಗೆ ಕೋಣೆಯಲ್ಲೇ ಕೂರಿಸಬೇಕಾಗುತ್ತದೆ. ಈ ಸಾಲಿನ ಹೊಣೆ ಗುತ್ತಿಗೆದಾರರದಲ್ಲ, ಪಂಚಾಯತಿಯದು ಎಂಬುದನ್ನೂ ಹೊಣೆಗಾರರ ಅಂಕಣವೇ ಹೇಳುತ್ತದೆ.

ಎಚ್ಚರ ವಹಿಸಬೇಕಾದ ಅಂಶಗಳು

ದಿನಾಂಕದ ಅಂಕಣದಲ್ಲಿ ‘ಮುಂದಿನ ವಾರ’, ‘ಶೀಘ್ರದಲ್ಲಿ’ ಎಂದು ಬರೆದರೆ ತಂತ್ರಾಂಶವು ಅದನ್ನು ದಿನಾಂಕವೆಂದು ಪರಿಗಣಿಸುವುದಿಲ್ಲ. ಆ ಸಾಲು ಶೋಧನೆಯಿಂದ ತಪ್ಪಿಹೋಗುತ್ತದೆ. ‘ವಾರ್ಡ್ 2’ ಮತ್ತು ‘2ನೇ ವಾರ್ಡ್’ ಅದಕ್ಕೆ ಎರಡು ಬೇರೆ ವಾರ್ಡುಗಳು. ಆದ್ದರಿಂದ ಬರವಣಿಗೆ ಎಲ್ಲೆಡೆ ಒಂದೇ ರೀತಿ ಇರಬೇಕು.

ಫಿಲ್ಟರ್ ಮಾಡಿದಾಗ ಉಳಿದ ಸಾಲುಗಳು ಅಳಿಸಿಹೋಗುವುದಿಲ್ಲ, ಮರೆಯಾಗುತ್ತವೆ ಅಷ್ಟೆ. ಆದ್ದರಿಂದ ಮೊತ್ತದ ಅಂಕಣವಿದ್ದಲ್ಲಿ ‘ಸಮ್’ ಸೂತ್ರವು ಮರೆಯಾದ ಸಾಲುಗಳನ್ನೂ ಕೂಡಿಸುತ್ತದೆ. ಕಾಣುವ ಸಾಲುಗಳ ಮೊತ್ತವಷ್ಟೇ ಬೇಕಾದರೆ ‘ಸಬ್‌ಟೋಟಲ್’ ಸೂತ್ರ ಬಳಸಬೇಕು. ಮುದ್ರಿತ ಪ್ರತಿಯ ಮೇಲ್ಭಾಗದಲ್ಲಿ ಯಾವ ಷರತ್ತಿನಿಂದ, ಯಾವ ದಿನಾಂಕದಂದು ಆರಿಸಿದ ಪಟ್ಟಿ ಎಂಬುದನ್ನು ನಮೂದಿಸದಿದ್ದರೆ, ಆಯ್ದ ಕೆಲವು ಸಾಲುಗಳೇ ಇಡೀ ಪಟ್ಟಿಯೆಂಬ ಭ್ರಮೆ ಉಂಟಾಗುತ್ತದೆ.

ಫಿಲ್ಟರ್ ಸತ್ಯವನ್ನು ಸೃಷ್ಟಿಸುವುದಿಲ್ಲ, ನಮೂದಿಸಿದ್ದನ್ನು ತೋರಿಸುತ್ತದೆ. ಪಟ್ಟಿಯಲ್ಲಿ ‘ಮುಗಿದಿದೆ’ ಎಂದಿರುವ ಕೆಲಸ ಸ್ಥಳದಲ್ಲಿಯೂ ಮುಗಿದಿದೆಯೇ ಎಂಬುದನ್ನು ತಮ್ಮ ವಾರ್ಡಿನಲ್ಲಿ ನಡೆದು ನೋಡುವ ಸದಸ್ಯರೇ ದೃಢಪಡಿಸಬಲ್ಲರು.

ಆದುದರಿಂದ ಮಾನ್ಯ ಸದಸ್ಯರು ಪ್ರತಿ ಸಾಮಾನ್ಯ ಸಭೆಯಲ್ಲಿ ಮೇಲಿನ ಮೂರು ಪಟ್ಟಿಗಳನ್ನು ಪರದೆಯ ಮೇಲೆ ತೋರಿಸುವಂತೆ ಕೋರಬಹುದು. ಮಾರ್ಚ್ 31 ಸಮೀಪಿಸಿದ ಮೇಲೆ ವಿಳಂಬದ ಕಾರಣ ಹುಡುಕುವುದಕ್ಕಿಂತ, ಪ್ರತಿ ಸಭೆಯಲ್ಲಿ ಹತ್ತು ಸಾಲುಗಳನ್ನು ಗಮನವಿಟ್ಟು ನೋಡಿ, ಪ್ರತಿಯೊಂದರ ಮುಂದೆ ಹೊಣೆಗಾರರನ್ನೂ ಹೊಸ ದಿನಾಂಕವನ್ನೂ ನಡವಳಿಯಲ್ಲಿ ದಾಖಲಿಸುವುದು ಹೆಚ್ಚು ಫಲಕಾರಿ.