ಕೌಮ್, ಮಿಲ್ಲತ್, ವತನ್: ಒಂದು ಶಬ್ದಾರ್ಥವಿಚಾರ

ಇಸ್ಲಾಂ ಮತದ ವಿಚಾರಗ್ರಂಥಗಳಲ್ಲಿ ಮತಸಮುದಾಯಕ್ಕೂ ದೇಶೀಯತೆಗೂ ಇರುವ ಸಂಬಂಧವನ್ನು ಅರಿಯಬೇಕಾದರೆ, ಮೊದಲು ಮೂರು ಅರಬ್ಬೀ ಶಬ್ದಗಳ ಅರ್ಥವನ್ನು ವಿಂಗಡಿಸಿಕೊಳ್ಳುವುದು ಅವಶ್ಯವು. ಇವುಗಳಲ್ಲಿ ಎರಡು ಕನ್ನಡಕ್ಕೂ ಬಂದು ಅರ್ಥಾಂತರವನ್ನು ಹೊಂದಿರುವುದರಿಂದ, ಕನ್ನಡ ವಾಚಕರಿಗೆ ಭ್ರಾಂತಿಯುಂಟಾಗುವ ಸಂಭವವು ವಿಶೇಷವಾಗಿರುವುದು.

‘ಕೌಮ್’ ಎಂದರೆ ವಂಶ, ಭಾಷೆ, ದೇಶ ಇವುಗಳಲ್ಲಿ ಯಾವುದಾದರೊಂದರಿಂದ ಕೂಡಿದ ಜನಸಮೂಹವು. ಕುರಾನಿನಲ್ಲಿ ನೂಹ, ಹೂದ ಮೊದಲಾದ ಪ್ರವಾದಿಗಳು ತಮ್ಮ ಬೋಧೆಯನ್ನು ನಿರಾಕರಿಸಿದವರನ್ನು ಸಹ ತಮ್ಮ ಕೌಮೆಂದೇ ಸಂಬೋಧಿಸುವರು. ‘ಮಿಲ್ಲತ್’ ಎಂದರೆ ಮತಮಾರ್ಗ. ಲಕ್ಷಣೆಯಿಂದ ಆ ಮಾರ್ಗಾವಲಂಬಿಗಳ ಸಮುದಾಯ. ‘ವತನ್’ ಎಂದರೆ ವಾಸಸ್ಥಾನ, ಸ್ವದೇಶ.

ಈ ಭೇದದ ಮಹತ್ತ್ವವು 1938ರಲ್ಲಿ ಸ್ಫುಟವಾಯಿತು. ದೇವಬಂದದ ವಿದ್ವಾಂಸರಾದ ಮೌಲಾನಾ ಹುಸೇನ್ ಅಹಮದ್ ಮದನಿಯವರು, ಈ ಕಾಲದಲ್ಲಿ ಕೌಮುಗಳು ವತನದಿಂದ ಏರ್ಪಡುವುವೆಂದು ದೆಹಲಿಯಲ್ಲಿ ನುಡಿದರು. ಕವಿ ಇಕ್ಬಾಲರು ಇದನ್ನು ಮಿಲ್ಲತ್ತಿನ ವಿಷಯವಾದ ಮಾತೆಂದು ಗ್ರಹಿಸಿ ಪದ್ಯರೂಪದಲ್ಲಿ ಖಂಡಿಸಿದರು. ತಾವು ಹೇಳಿದುದು ಕೌಮಿನ ಮಾತು, ಮಿಲ್ಲತ್ತಿನದಲ್ಲವೆಂದೂ, ಅದು ವಸ್ತುಸ್ಥಿತಿಯ ನಿರೂಪಣೆಯೇ ಹೊರತು ವಿಧಿಯಲ್ಲವೆಂದೂ ಮದನಿಯವರು ಉತ್ತರವಿತ್ತರು. ಇಕ್ಬಾಲರು ಆಕ್ಷೇಪವನ್ನು ಹಿಂತೆಗೆದುಕೊಂಡರು. ಆದರೂ ಸಿದ್ಧಾಂತಭೇದವು ಉಳಿಯಿತು. ಸಮಾಜಕ್ಕೆ ಇಸ್ಲಾಮೇ ಆಧಾರವೆಂಬುದು ಇಕ್ಬಾಲರ ಪಕ್ಷ. ಹಿಂದುಗಳೂ ಮುಸಲ್ಮಾನರೂ ಮಿಲ್ಲತ್ತಿನಿಂದ ಭಿನ್ನರಾದರೂ ಕೌಮಿನಿಂದ ಅಭಿನ್ನರೆಂಬುದು ಮದನಿಯವರ ಪಕ್ಷ. ಇದಕ್ಕೆ ಅವರು, ಮದೀನಾ ನಗರದಲ್ಲಿ ಪೈಗಂಬರರು ಯೆಹೂದ್ಯರನ್ನೂ ಒಳಗೊಂಡು ಮಾಡಿದ ಒಡಂಬಡಿಕೆಯನ್ನು ಪ್ರಮಾಣವಾಗಿ ಕೊಟ್ಟರು.

ಇನ್ನು ಕನ್ನಡನಾಡಿನ ಪ್ರಯೋಗವನ್ನು ನೋಡತಕ್ಕದ್ದು. ಆದಿಲಶಾಹಿ ಆಳಿಕೆಗೆ (1490–1686) ಒಳಪಟ್ಟಿದ್ದ ಬಾದಾಮಿ, ಹುನಗುಂದ ಸೀಮೆಗಳಲ್ಲಿ ‘ವತನ’ವೆಂದರೆ ಗೌಡ, ಕುಲಕರ್ಣಿ ಮೊದಲಾದವರ ವಂಶಪಾರಂಪರ್ಯದ ಹಕ್ಕು. ರಾಮಥಾಳದ ಸುತ್ತಣ ಈ ಪ್ರದೇಶದಲ್ಲಿ ದೊರೆಯ ಮತ ಬೇರೆ, ವತನದಾರನ ಮತ ಬೇರೆ. ಶಬ್ದವು ಅಂಟಿಕೊಂಡುದು ಮಾತ್ರ ನೆಲಕ್ಕೆ. ಬಿಜಾಪುರದ ದರಬಾರಿನಲ್ಲಿಯಾದರೋ ಒಂದೇ ಮತದವರೊಳಗೆ ದಖನಿಗಳೆಂದೂ, ಹೊರನಾಡಿನಿಂದ ಬಂದ ಆಫಾಕಿಗಳೆಂದೂ ಪಕ್ಷಗಳಿದ್ದುವು. ಮತೈಕ್ಯವು ದೇಶಭೇದವನ್ನು ಅಳಿಸಲಿಲ್ಲವೆಂಬುದಕ್ಕೆ ಇದು ನಿದರ್ಶನವು.

‘ಕೌಮ್’ ಶಬ್ದದ ಗತಿ ಇದಕ್ಕೆ ವಿಪರೀತವಾದುದು. ಅದು ಕನ್ನಡದಲ್ಲಿ ‘ಕೋಮು’ ಎಂದಾಗಿ, ಜಾತಿ ಮತಗಳ ಪಂಗಡವೆಂಬ ಅರ್ಥದಲ್ಲಿ ರೂಢವಾಯಿತು. ಮದನಿಯವರು ಯಾವ ಶಬ್ದದಿಂದ ಐಕ್ಯವನ್ನು ಸಾಧಿಸಿದರೋ ಅದೇ ಶಬ್ದವು ಇಲ್ಲಿ ಭೇದವಾಚಕವಾಯಿತು. ಆದುದರಿಂದ ಉರ್ದು ಗ್ರಂಥಗಳ ‘ಕೌಮ್’ ಶಬ್ದಕ್ಕೆ ‘ಕೋಮು’ ಎಂದು ಭಾಷಾಂತರಿಸಿದರೆ ಪೂರ್ವಪಕ್ಷವೇ ಸಿದ್ಧಾಂತವಾಗಿ ತೋರುವುದು. ಸಂದರ್ಭಾನುಸಾರ ‘ಜನಾಂಗ’ವೆಂದೋ ‘ನಾಡವರು’ ಎಂದೋ ಹೇಳುವುದೇ ಯುಕ್ತವು.